ನೀಲಿ ಕೋಣೆಯ ಬಿಸಿಲು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು ಈ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸಂಚಾಲಕರು ನನಗೆ ಫೋನ್ ಮಾಡಿ, “ಸಾಫ್ಟ್‌ವೇರ್ ಕೆಲಸದ ಬಗ್ಗೆ, ನಿನ್ನ ಫಾರಿನ್ ಅನುಭವದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಪ್ಪ” ಎಂದರು. ಕೆಲಸದ ವಿಚಾರ ಹೇಳಲು ಸಂಜೆಯವರೆಗೂ ಇಲ್ಲೇ ಇರುತ್ತೇನೆ. ಯಾವ ಕೋರ್ಸು, ಯಾವ ಕಾಲೇಜು, ಎಷ್ಟು ಫೀಸು ಎಂದು ಕೇಳಬೇಕೆನ್ನುವ ಮಕ್ಕಳು ಊಟ ಆದ ಮೇಲೆ ಬೇವಿನ ಮರದ ಹತ್ತಿರ ಬನ್ನಿ, ಒಬ್ಬೊಬ್ಬರಿಗೂ ಹೇಳುತ್ತೇನೆ. ಫಾರಿನ್ ಅನುಭವದಲ್ಲಿ ಮಾತ್ರ ಒಂದೇ ಒಂದನ್ನು ಎಲ್ಲರ ಮುಂದೆ ಹೇಳಬೇಕು ಅನ್ನಿಸಿದೆ. ಅದು ಆಫೀಸಿನ ವಿಷಯವಲ್ಲ. ಸಮುದ್ರದ ದಡದ ಒಂದು ಪುಟ್ಟ ಊರಿನಲ್ಲಿ ನಾನು ನೋಡಿದ ಚಿತ್ರಗಳ ಮ್ಯೂಸಿಯಂ. ಶಾಲೆಗೆ ಐವತ್ತು ತುಂಬಿದ ಹೊತ್ತಿನಲ್ಲಿ ನಾವೆಲ್ಲ ನಿರ್ಧಾರ ಮಾಡಬೇಕಾದ ಒಂದು ವಿಷಯಕ್ಕೂ ಆ ಮ್ಯೂಸಿಯಂಗೂ ಸಂಬಂಧ ಇದೆ. ಕೊನೆಗೆ ಅಲ್ಲಿಗೇ ಬರುತ್ತೇನೆ.

ಕಂಪನಿಯ ಕೆಲಸದ ಮೇಲೆ ಕೆಲವು ತಿಂಗಳು ನಾನು ಡೆನ್ಮಾರ್ಕ್ ದೇಶದ ರಾಜಧಾನಿ ಕೋಪನ್‌ಹೇಗನ್‌ನಲ್ಲಿದ್ದೆ. ಜೂನ್ ತಿಂಗಳ ಒಂದು ಶನಿವಾರ ರೈಲು ಹತ್ತಿ ಉತ್ತರಕ್ಕೆ ಹೊರಟೆ. ಆ ದೇಶದ ತುತ್ತತುದಿಯ ಊರಿನ ಹೆಸರು ಸ್ಕಾಗೆನ್. ಬರೆಯುವುದು ಹಾಗೆ, ಅಲ್ಲಿಯವರ ಬಾಯಲ್ಲಿ ಅದು ಹೆಚ್ಚುಕಡಿಮೆ ‘ಸ್ಕೇನ್’ ಎಂದು ಕೇಳಿಸುತ್ತದೆ. ಫ್ರೆಡರಿಕ್ಸ್‌ಹಾವ್ನ್ ಎಂಬ ಬಂದರಿನಲ್ಲಿ ದೊಡ್ಡ ರೈಲು ಇಳಿದು ಚಿಕ್ಕ ರೈಲು ಹತ್ತಬೇಕು. ಆ ಹಳಿ ಹಾಕಿದ್ದು 1890ರಲ್ಲಿ. ಸ್ಕಾಗೆನ್ ಕೊನೆಯ ನಿಲ್ದಾಣ. ಅದರಾಚೆ ಹಳಿ ಇಲ್ಲ, ಸ್ವಲ್ಪ ದೂರ ಹೋದರೆ ನೆಲವೂ ಇಲ್ಲ.

ಊರಿನಾಚೆ ಗ್ರೆನೆನ್ ಎಂಬ ಮರಳಿನ ನಾಲಿಗೆ ಕಡಲೊಳಕ್ಕೆ ಚಾಚಿಕೊಂಡಿದೆ. ಒಂದು ಕಡೆ ಸ್ಕಾಗೆರಾಕ್ ಎಂಬ ಕಡಲು, ಇನ್ನೊಂದು ಕಡೆ ಕಟ್ಟೆಗಾಟ್ ಎಂಬ ಕಡಲು. ಆ ಮರಳಿನ ತುದಿಯಲ್ಲಿ ಎರಡು ಕಡೆಯ ಅಲೆಗಳೂ ಬಂದು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಜನ ಒಂದು ಕಾಲು ಆ ಕಡಲಲ್ಲಿ, ಒಂದು ಕಾಲು ಈ ಕಡಲಲ್ಲಿ ಇಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡೆ. ಈಜಲು ಮಾತ್ರ ಬಿಡುವುದಿಲ್ಲ, ಸೆಳೆತ ಅಷ್ಟು ಜೋರು.

ಈಗ ಆ ಊರು ನೋಡಲು ಚೆಂದ. ಹಳದಿ ಗೋಡೆ, ಕೆಂಪು ಹೆಂಚು, ಹೆಂಚಿನ ಅಂಚಿಗೆ ಬಿಳಿ ಸುಣ್ಣದ ಗೆರೆ. ಜನಸಂಖ್ಯೆ ಹತ್ತು ಸಾವಿರಕ್ಕೂ ಕಡಿಮೆ. ಆದರೆ 150 ವರ್ಷದ ಹಿಂದೆ ಅದು ಕಷ್ಟದ ಊರು. ನೆಲವೆಲ್ಲ ಮರಳು, ಬೆಳೆ ಅಷ್ಟಕ್ಕಷ್ಟೆ. 18ನೇ ಶತಮಾನದಲ್ಲಿ ಗಾಳಿಗೆ ಹಾರಿ ಬಂದ ಮರಳು ಊರಿನ ಚರ್ಚನ್ನೇ ಮುಚ್ಚತೊಡಗಿತು. ಪ್ರಾರ್ಥನೆಗೆ ಬರುವವರು ಮೊದಲು ಮರಳು ತೋಡಿ ಬಾಗಿಲು ಬಿಡಿಸಿಕೊಳ್ಳಬೇಕಿತ್ತು. ಸೋತು 1795ರಲ್ಲಿ ಆ ಚರ್ಚನ್ನೇ ಬಿಟ್ಟುಬಿಟ್ಟರು. ಅದರ ಗೋಪುರ ಒಂದೇ ಇವತ್ತಿಗೂ ಮರಳಿನ ದಿಬ್ಬದಲ್ಲಿ ಬಿಳಿ ಬಣ್ಣ ಬಳಿದುಕೊಂಡು ನಿಂತಿದೆ. ಊರವರ ಜೀವನ ಮೀನು ಹಿಡಿಯುವುದರಲ್ಲಿ. 1907ರವರೆಗೆ ಸರಿಯಾದ ಬಂದರೂ ಇರಲಿಲ್ಲ. ದೋಣಿಯನ್ನು ಮರಳಿನ ಮೇಲಿಂದ ತಳ್ಳಿ ಅಲೆಗಳಿಗೆ ಎದುರಾಗಿ ನುಗ್ಗಿಸಬೇಕು, ಬಂದ ಮೇಲೆ ಹತ್ತಾರು ಜನ ಸೇರಿ ಮತ್ತೆ ದಡಕ್ಕೆ ಎಳೆಯಬೇಕು. ಹೋದವರು ಎಲ್ಲರೂ ವಾಪಸ್ಸು ಬರುತ್ತಾರೆಂಬ ಖಾತರಿ ಇಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ಬಯಲುಸೀಮೆಯ ಮನೆಗಳು ಹೇಗಿರುತ್ತವೆ ಎಂದು ಕಂಡವರಿಗೆ ಆ ಊರಿನ ಬದುಕನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಊರಿಗೆ 1870ರ ದಶಕದಲ್ಲಿ ಚಿತ್ರ ಬರೆಯುವವರು ಬರತೊಡಗಿದರು. ಯಾಕೆ ಬಂದರು ಎಂದು ನೀವು ಕೇಳಬಹುದು. ಆಗ ಯುರೋಪಿನ ಎಳೆಯ ಕಲಾವಿದರಿಗೆ ರಾಜರ ಚಿತ್ರ, ಪುರಾಣದ ಚಿತ್ರ ಬರೆದು ಸಾಕಾಗಿತ್ತು. ಕಣ್ಣೆದುರಿನ ಬದುಕನ್ನು, ಬಯಲಿನ ಬೆಳಕನ್ನು ಬರೆಯಬೇಕು ಅನ್ನಿಸಿತ್ತು. 1841ರಲ್ಲಿ ಬಣ್ಣ ತುಂಬುವ ತವರದ ಟ್ಯೂಬ್ ಬಂದಮೇಲೆ ಬಣ್ಣವನ್ನು ಜೇಬಿನಲ್ಲಿಟ್ಟುಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದಾಯಿತು. ಹೀಗೆ ಇಂಗ್ಲೆಂಡಿನ ನ್ಯೂಲಿನ್, ಜರ್ಮನಿಯ ಆರೆನ್ಸ್‌ಹೂಪ್ ಮೊದಲಾದ ಎಷ್ಟೋ ಕಡಲತಡಿಯ ಹಳ್ಳಿಗಳಲ್ಲಿ ಕಲಾವಿದರು ಗುಂಪು ಕಟ್ಟಿಕೊಂಡು ನೆಲೆಸಿದರು. ಅವುಗಳಲ್ಲಿ ಬಹಳ ಹೆಸರು ಮಾಡಿದ್ದು ಸ್ಕಾಗೆನ್. ಎರಡು ಕಡೆ ನೀರು, ಕೆಳಗೆ ಬಿಳಿ ಮರಳು, ಮೇಲೆ ದೊಡ್ಡ ಆಕಾಶ. ನಾನು ಹೋದ ದಿನ ರಾತ್ರಿ ಹತ್ತು ಗಂಟೆಗೂ ಬೆಳಕಿತ್ತು. ಸೂರ್ಯ ಮುಳುಗಿದ ಮೇಲೆ ಆಕಾಶ, ಕಡಲು, ಮರಳು ಎಲ್ಲ ಒಂದೇ ನೀಲಿಗೆ ತಿರುಗಿ, ಆ ನೀಲಿ ಬಹಳ ಹೊತ್ತು ಹಾಗೇ ನಿಲ್ಲುತ್ತದೆ.

ಮಿಖೇಲ್ ಆಂಕರ್ ಎಂಬ ಯುವಕ 1874ರಲ್ಲಿ ಬಂದರು, ಅಲ್ಲೇ ಉಳಿದರು. 1882ರಲ್ಲಿ ಪಿ. ಎಸ್. ಕ್ರೋಯರ್ ಬಂದರು, ಅಷ್ಟರಲ್ಲಾಗಲೇ ಅವರು ಹೆಸರುವಾಸಿ. ನಾರ್ವೆಯ ಕ್ರಿಶ್ಚಿಯನ್ ಕ್ರೋಗ್, ಕವಿಯೂ ಚಿತ್ರಕಾರನೂ ಆಗಿದ್ದ ಹೋಲ್ಗರ್ ಡ್ರಾಕ್‌ಮನ್, ಲೌರಿಟ್ಸ್ ಟುಕ್ಸೆನ್, ಹೀಗೆ ಸಾಲು ಬೆಳೆಯಿತು. ಎಲ್ಲರೂ ಸೇರುತ್ತಿದ್ದದ್ದು ಊರಿನ ಒಂದು ವಸತಿಗೃಹದಲ್ಲಿ. ಬ್ರೊಂಡುಮ್ ಎಂಬ ಮನೆತನದವರು ಅಂಗಡಿಯ ಜೊತೆಗೆ ಅದನ್ನು ನಡೆಸುತ್ತಿದ್ದರು. ಅವರ ಊಟದ ಕೋಣೆಯ ಗೋಡೆಗಳಲ್ಲಿ ಕಲಾವಿದರು ಒಬ್ಬರು ಇನ್ನೊಬ್ಬರ ಮುಖಗಳನ್ನು ಬರೆದು ಕೂರಿಸಿದರು. 1946ರಲ್ಲಿ ಆ ಇಡೀ ಕೋಣೆಯನ್ನು, ಗೋಡೆಯ ಹಲಗೆ ಚಿತ್ರಗಳ ಸಮೇತ, ಮ್ಯೂಸಿಯಂ ಒಳಕ್ಕೆ ತಂದು ಜೋಡಿಸಿದ್ದಾರೆ. ನಮ್ಮಲ್ಲಿ ಹಳೆಯ ತೊಟ್ಟಿಮನೆಯ ಕಂಬಗಳನ್ನು ಬಿಚ್ಚಿ ರೆಸಾರ್ಟಿಗೆ ಮಾರುತ್ತಾರಲ್ಲ, ಅದು ನೆನಪಾಯಿತು. ಅಲ್ಲಿ ಬಿಚ್ಚಿದ್ದು ಊರಿನಲ್ಲೇ ಉಳಿಸಿಕೊಳ್ಳಲು.

ಈಗ ಮ್ಯೂಸಿಯಂ ಒಳಗೆ ಬನ್ನಿ. ಮೊದಲು ಕಣ್ಣಿಗೆ ಬೀಳುವುದು ದೊಡ್ಡ ದೊಡ್ಡ ಚಿತ್ರಗಳು. ಮಿಖೇಲ್ ಆಂಕರ್ ಬರೆದ ಮೀನುಗಾರರು ಆಳೆತ್ತರ ನಿಂತಿದ್ದಾರೆ. ಉದ್ದನೆಯ ಬೂಟು, ಒರಟು ಅಂಗಿ, ಗಾಳಿಗೆ ಸುಕ್ಕಾದ ಮುಖ. ಅವರು ಕಲ್ಪನೆಯ ಜನ ಅಲ್ಲ, ಊರಿನವರು. ಒಂದು ಚಿತ್ರದ ಎದುರು ನಾನು ಬಹಳ ಹೊತ್ತು ನಿಂತೆ. 1896ರಲ್ಲಿ ಬರೆದದ್ದು, ಹೆಸರು ‘ಮುಳುಗಿದವನು’. ಕಡಲಿನಿಂದ ತಂದ ಮೀನುಗಾರನ ದೇಹವನ್ನು ಮನೆಯೊಳಗೆ ಮಲಗಿಸಿದ್ದಾರೆ, ಸುತ್ತ ಊರವರು ನಿಂತಿದ್ದಾರೆ. ಆ ಚಿತ್ರಕ್ಕೆ ಕಾರಣ ಲಾರ್ಸ್ ಕ್ರೂಸೆ ಎಂಬ ಮೀನುಗಾರನ ಸಾವು. ಹಡಗು ಒಡೆದಾಗಲೆಲ್ಲ ರಕ್ಷಣಾ ದೋಣಿ ಹತ್ತಿ ಹೋಗಿ ಎಷ್ಟೋ ಜೀವ ಉಳಿಸಿದ ಮನುಷ್ಯ. ಡ್ರಾಕ್‌ಮನ್ 1879ರಲ್ಲೇ ಅವನ ಮೇಲೆ ಒಂದು ಪುಸ್ತಕ ಬರೆದಿದ್ದರು. ಅಂಥವನು 1894ರಲ್ಲಿ ಅದೇ ಕಡಲಿನಲ್ಲಿ ಮುಳುಗಿ ತೀರಿಕೊಂಡ. ಚಿತ್ರದಲ್ಲಿ ಯಾರೂ ಎದೆ ಬಡಿದುಕೊಂಡು ಅಳುತ್ತಿಲ್ಲ. ಸಾವಿನ ಮನೆಗೆ ಹೋಗಿ ಮಾತಾಡದೆ ಗೋಡೆಗೆ ಒರಗಿ ನಿಲ್ಲುವ ನಮ್ಮೂರ ಗಂಡಸರ ಹಾಗೆಯೇ ಅವರೂ ನಿಂತಿದ್ದಾರೆ.

ಮುಂದಿನ ಕೋಣೆಯಲ್ಲಿ ಕ್ರೋಯರ್ ಚಿತ್ರಗಳು. 1893ರ ಒಂದು ಚಿತ್ರವನ್ನು ಡೆನ್ಮಾರ್ಕಿನ ಮನೆಮನೆಯವರೂ ಬಲ್ಲರು. ಸಂಜೆಯ ನೀಲಿ ಬೆಳಕಿನಲ್ಲಿ ಇಬ್ಬರು ಹೆಂಗಸರು ಬೆಳ್ಳನೆಯ ಉಡುಪಿನಲ್ಲಿ ದಡದ ಮೇಲೆ ಮೆಲ್ಲಗೆ ನಡೆದು ಹೋಗುತ್ತಿದ್ದಾರೆ. ಒಬ್ಬರು ಕ್ರೋಯರ್ ಹೆಂಡತಿ ಮೇರಿ, ಇನ್ನೊಬ್ಬರು ಮಿಖೇಲ್ ಆಂಕರ್ ಹೆಂಡತಿ ಅನ್ನಾ. ಬಹಳ ವರ್ಷ ಆ ಚಿತ್ರ ಜರ್ಮನಿಯಲ್ಲಿತ್ತು, 1986ರಲ್ಲಿ ತನ್ನ ಊರಿಗೆ ಮರಳಿತು. ಒಂದು ಚಿತ್ರವೂ ತವರಿಗೆ ಬರುತ್ತದೆ ನೋಡಿ.

ಆ ಚಿತ್ರ ಸುಂದರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಿತ್ರದಲ್ಲಿ ಬೆನ್ನು ತಿರುಗಿಸಿ ಹೋಗುತ್ತಿರುವ ಆ ಇಬ್ಬರು ಹೆಂಗಸರೂ ಸ್ವತಃ ಚಿತ್ರ ಬರೆಯುವವರು. ಮೇರಿ ಪ್ರತಿಭಾವಂತೆ, ಪ್ಯಾರಿಸ್‌ನಲ್ಲಿ ಕಲಿತವರು. ಮದುವೆಯಾದ ಮೇಲೆ ಅವರು ಬರೆದದ್ದು ಕಡಿಮೆ, ಗಂಡ ಅವರನ್ನು ಬರೆದದ್ದೇ ಹೆಚ್ಚು. ಪಕ್ಕದಲ್ಲಿ ನಡೆಯುತ್ತಿರುವ ಅನ್ನಾ ಮಾತ್ರ ಬರೆಯುವುದನ್ನು ಬಿಡಲಿಲ್ಲ. ನಾನು ನಿಮಗೆ ಹೇಳಬೇಕೆಂದು ಬಂದದ್ದು ಈ ಅನ್ನಾ ಅವರ ಕಥೆ.

ಆ ಕಲಾವಿದರ ಗುಂಪಿನಲ್ಲಿ ಸ್ಕಾಗೆನ್ನಿನಲ್ಲೇ ಹುಟ್ಟಿದವರು ಅನ್ನಾ ಒಬ್ಬರೇ. ಅದೇ ವಸತಿಗೃಹದ ಬ್ರೊಂಡುಮ್ ಮನೆತನದ ಮಗಳು. ಹುಟ್ಟಿದ್ದು 1859ರ ಆಗಸ್ಟ್ 18. ಮಕ್ಕಳೇ, ‘ಕೊಳಕು ಬಾತುಕೋಳಿ ಮರಿ’ ಕಥೆ ಬರೆದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಆ ಹೊತ್ತಿಗೆ ಅದೇ ವಸತಿಗೃಹಕ್ಕೆ ಬಂದಿದ್ದರಂತೆ. ಊಟ ತಡವಾಯಿತೆಂದು ಸಿಟ್ಟು ಮಾಡಿಕೊಂಡರಂತೆ, ತುಂಬು ಗರ್ಭಿಣಿ ಮನೆಯೊಡತಿ ಗಾಬರಿಯಾಗಿ ಆ ರಾತ್ರಿಯೇ ಹೆತ್ತಳಂತೆ. ಇದು ಅಲ್ಲಿಯವರು ಹೇಳುವ ಕಥೆ. ನಮ್ಮೂರ ಅಜ್ಜಿಯರು ಹೇಳುವ ಹೆರಿಗೆ ಕಥೆಗಳ ಹಾಗೆ ಸ್ವಲ್ಪ ಉಪ್ಪುಖಾರ ಸೇರಿರಬಹುದು.

ಅನ್ನಾ ಬೆಳೆದದ್ದು ಬಂದುಹೋಗುವ ಕಲಾವಿದರ ನಡುವೆ. ಅವರು ಕೋಲು ನಿಲ್ಲಿಸಿ ಬಟ್ಟೆ ಬಿಗಿದು ಬಣ್ಣ ಹಚ್ಚುವುದನ್ನು ನೋಡಿ ನೋಡಿ ಹುಡುಗಿಯೂ ಬರೆಯತೊಡಗಿದಳು. ಮನೆಯವರು ಅವಳನ್ನು 1875ರಲ್ಲಿ ಕಲಿಯಲು ಕೋಪನ್‌ಹೇಗನ್‌ಗೆ ಕಳುಹಿಸಿದರು. ಆಗ ಅವಳ ವಯಸ್ಸು ಇಲ್ಲಿ ಕೂತಿರುವ ಹತ್ತನೇ ತರಗತಿಯ ಹುಡುಗಿಯರ ವಯಸ್ಸು. ಅಲ್ಲಿನ ಸರ್ಕಾರಿ ಕಲಾ ಅಕಾಡೆಮಿಯಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ, ಆ ಬಾಗಿಲು ತೆರೆದದ್ದು 1888ರಲ್ಲಿ. ಹಾಗಾಗಿ ವಿಲ್ಹೆಲ್ಮ್ ಕ್ಯೂನ್ ಎಂಬ ಚಿತ್ರಕಾರರು ಹೆಂಗಸರಿಗಾಗಿ ನಡೆಸುತ್ತಿದ್ದ ಖಾಸಗಿ ಶಾಲೆಯಲ್ಲಿ ಮೂರು ಚಳಿಗಾಲ ಕಲಿತಳು. 1880ರಲ್ಲಿ ಮಿಖೇಲ್ ಆಂಕರ್ ಜೊತೆ ಮದುವೆಯಾಯಿತು. ಮದುವೆಯಾದ ಹೆಣ್ಣು ಇನ್ನು ಬಣ್ಣದ ಪೆಟ್ಟಿಗೆ ಮುಚ್ಚಿಡುವುದೇ ಸರಿ ಎಂಬುದು ಆಗ ಅಲ್ಲಿಯೂ ಹಿರಿಯರ ಮಾತು. ಅನ್ನಾ ಮುಚ್ಚಿಡಲಿಲ್ಲ. ಗಂಡನೂ ಮುಚ್ಚಿಡು ಅನ್ನಲಿಲ್ಲ. 1883ರಲ್ಲಿ ಮಗಳು ಹೆಲ್ಗಾ ಹುಟ್ಟಿದಳು, ಆಮೇಲೂ ಬರೆದರು. 1935ರಲ್ಲಿ ಅದೇ ಊರಿನಲ್ಲಿ ತೀರಿಕೊಳ್ಳುವವರೆಗೂ ಚಿತ್ರವೇ ಅವರ ಕಸುಬಾಗಿತ್ತು. 1998ರಲ್ಲಿ ಡೆನ್ಮಾರ್ಕ್ ತನ್ನ ಅತಿ ದೊಡ್ಡ ನೋಟಾದ ಸಾವಿರ ಕ್ರೋನರ್ ನೋಟಿನ ಮೇಲೆ ಆ ಗಂಡ ಹೆಂಡಿರ ಮುಖಗಳನ್ನು ಅಚ್ಚು ಹಾಕಿತು. ವಸತಿಗೃಹದ ಮನೆಯ ಹುಡುಗಿ ದೇಶದ ನೋಟಿನ ಮೇಲೆ ಬಂದಳು.

ಅನ್ನಾ ಏನು ಬರೆದರು ಎಂಬುದೇ ಮುಖ್ಯ ವಿಷಯ. ಹೊರಗಿಂದ ಬಂದವರು ಕಡಲು, ಬಿರುಗಾಳಿ, ಬಲೆ ಎಳೆಯುವ ಗಂಡಸರು, ದಡದ ಸಂಜೆ ಇವನ್ನೆಲ್ಲ ಬರೆದರು. ಅವರಿಗೆ ಅದು ಹೊಸದು. ‘ದೂರದ ಬೆಟ್ಟ ನುಣ್ಣಗೆ’ ಅನ್ನುತ್ತೇವಲ್ಲ, ದೂರದಿಂದ ಬಂದವರಿಗೆ ದೊಡ್ಡದೇ ಮೊದಲು ಕಾಣುತ್ತದೆ. ಅನ್ನಾ ಅವರ ಚಿತ್ರಗಳಲ್ಲಿ ಕಡಲು ಕಾಣುವುದೇ ಅಪರೂಪ. ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ಕೆಲಸ ಮಾಡುವ ಹುಡುಗಿ. ಕೋಲು ಕೆತ್ತುತ್ತಾ ಕೂತ ಮುದುಕ ಲಾರ್ಸ್ ಗೈಹೆಡೆ. ಬಿಸಿಲು ಬಿದ್ದ ಕೋಣೆಯಲ್ಲಿ ಆ ಬಿಸಿಲನ್ನು ಕಾಣಲಾರದ ಕುರುಡಿ ಹೆಂಗಸು. ಉದ್ದ ಹಿಡಿಯ ಕುಡುಗೋಲು ಹೊತ್ತು ಮಾಗಿದ ಹೊಲದ ನಡುವೆ ಸಾಲಾಗಿ ಹೋಗುವ ಕೊಯ್ಲಿನವರು. ಮತ್ತೆ ಮತ್ತೆ ತನ್ನ ತಾಯಿ.

ಆ ಮ್ಯೂಸಿಯಂನಲ್ಲಿ 1891ರ ಒಂದು ಚಿತ್ರವಿದೆ. ಹೆಸರು ‘ನೀಲಿ ಕೋಣೆಯಲ್ಲಿ ಬಿಸಿಲು’. ಅನ್ನಾ ಅವರ ತಾಯಿಯ ಕೋಣೆ ಅದು, ಗೋಡೆ ನೀಲಿ. ಮಗಳು ಹೆಲ್ಗಾಗೆ ಎಂಟು ವರ್ಷ ಇರಬೇಕು, ಕುರ್ಚಿಯಲ್ಲಿ ಕೂತು ತಲೆ ತಗ್ಗಿಸಿ ದಾರದ ಹೆಣಿಗೆ ಹಾಕುತ್ತಿದ್ದಾಳೆ. ಕಿಟಕಿಯಿಂದ ಬಂದ ಬಿಸಿಲು ಗೋಡೆಯ ಮೇಲೆ ಚೌಕ ಚೌಕವಾಗಿ ಬಿದ್ದಿದೆ, ಹುಡುಗಿಯ ಕೂದಲಿಗೆ ತಾಗಿ ಹೊನ್ನಿನ ಹಾಗೆ ಹೊಳೆಯುತ್ತಿದೆ. ಅಷ್ಟೇ ಚಿತ್ರ. ಅದರಲ್ಲಿ ಏನೂ ನಡೆಯುವುದಿಲ್ಲ. ಅಜ್ಜಿಯ ಕೋಣೆ, ಮೊಮ್ಮಗಳು, ಬಿಸಿಲು.

ಅದನ್ನು ನೋಡಿ ನನಗೆ ನಮ್ಮ ಹಳೆಯ ಮನೆ ನೆನಪಾಯಿತು. ಹೆಂಚಿನ ಮನೆಗಳಲ್ಲಿ ಬೆಳಕಿಗೆಂದು ಒಂದು ಗಾಜಿನ ಹೆಂಚು ಇಡುತ್ತಿದ್ದರಲ್ಲ. ಅದರಿಂದ ಇಳಿದ ಬಿಸಿಲಿನ ಕೋಲು ನೆಲದ ಮೇಲೆ ಚೌಕವಾಗಿ ಬೀಳುತ್ತಿತ್ತು, ಅಡುಗೆಯ ಹೊಗೆ ಅದರೊಳಗೆ ಸುರುಳಿ ಸುತ್ತುತ್ತಿತ್ತು. ಆ ಚೌಕ ಒರಳಿನ ಹತ್ತಿರ ಬಂದರೆ ಅಜ್ಜಿ “ಹನ್ನೊಂದಾಯ್ತು, ಮುದ್ದೆಗೆ ಎಸರಿಡಬೇಕು” ಎಂದು ಏಳುತ್ತಿದ್ದರು. ನಾವೆಲ್ಲ ಆ ಬೆಳಕನ್ನು ದಿನಾ ಕಂಡವರು. ಅದನ್ನು ಚಿತ್ರವಾಗಿ ಬರೆಯಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ.

ಶಾಲೆಯ ಡ್ರಾಯಿಂಗ್ ಪುಸ್ತಕ ನೆನಪು ಮಾಡಿಕೊಳ್ಳಿ. ನಮ್ಮ ಬ್ಯಾಚಿನ ಅರುವತ್ತು ಮಕ್ಕಳೂ ಬರೆಯುತ್ತಿದ್ದ ಚಿತ್ರ ಒಂದೇ. ಎರಡು ಗುಡ್ಡ, ನಡುವೆ ಹುಟ್ಟುವ ಸೂರ್ಯ, ಗುಡ್ಡದಿಂದ ಇಳಿಯುವ ಹೊಳೆ, ಪಕ್ಕದಲ್ಲಿ ತೆಂಗಿನಮರ, ಮೇಲೆ ನಾಲ್ಕು ಹಕ್ಕಿ. ನಮ್ಮೂರ ಸುತ್ತ ಹತ್ತು ಮೈಲಿ ಗುಡ್ಡ ಇಲ್ಲ, ಹೊಳೆ ಅಂತೂ ಇಲ್ಲವೇ ಇಲ್ಲ! ಇರುವುದು ಕೆರೆ, ಕೆರೆ ಏರಿ, ಹುಣಸೆಮರ, ರಾಗಿ ಹೊಲ. ಆಗ ನಮ್ಮ ಚಿತ್ರಕಲಾ ಮೇಷ್ಟ್ರು ಒಂದು ದಿನ ನಮ್ಮನ್ನೆಲ್ಲ ಹೊರಗೆ ಕರೆದುಕೊಂಡು ಹೋಗಿ, ಕೊಳವೆ ಬಾವಿಯ ಕೈಪಂಪಿನ ಎದುರು ಕೂರಿಸಿ, “ಇದನ್ನ ಬರೀರಿ ನೋಡೋಣ” ಎಂದರು. ಒಬ್ಬರಿಗೂ ನೆಟ್ಟಗೆ ಬರಲಿಲ್ಲ. ದಿನಾ ನೀರು ಹೊಡೆಯುವ ಪಂಪಿನ ಹಿಡಿ ಯಾವ ಕಡೆಗೆ ಬಾಗಿದೆ ಎಂದೇ ಗೊತ್ತಿರಲಿಲ್ಲ. ಮೇಷ್ಟ್ರು ಬೈಯಲಿಲ್ಲ. “ನೋಡೋದನ್ನ ಕಲೀರಿ, ಕೈ ತಾನಾಗೇ ಕಲಿಯುತ್ತೆ” ಎಂದರು. ಅವರು ಇವತ್ತು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಸಾರ್, ಸ್ಕಾಗೆನ್ನಿನಲ್ಲಿ ಆ ಚಿತ್ರದ ಮುಂದೆ ನಿಂತಾಗ ನಿಮ್ಮ ಕೈಪಂಪಿನ ಪಾಠ ಅರ್ಥವಾಯಿತು.

ಇನ್ನು ಮ್ಯೂಸಿಯಂ ಹೇಗೆ ಹುಟ್ಟಿತು ಎಂಬ ಮಾತು. ಕಲಾವಿದರಿಗೆ ವಯಸ್ಸಾಗುತ್ತಿತ್ತು. ಚಿತ್ರಗಳು ಒಂದೊಂದಾಗಿ ದೊಡ್ಡ ಊರುಗಳಿಗೆ, ಬೇರೆ ದೇಶಗಳಿಗೆ ಮಾರಾಟವಾಗಿ ಹೋಗುತ್ತಿದ್ದವು. ಇವರೆಲ್ಲ ಮೇಜಿನ ಸುತ್ತ ನಿಂತು ಸಂಭ್ರಮಿಸುವ ಕ್ರೋಯರ್ ಅವರ ಪ್ರಸಿದ್ಧ ಚಿತ್ರ ಇವತ್ತಿಗೂ ಇರುವುದು ಸ್ವೀಡನ್ ದೇಶದಲ್ಲಿ. ಹೀಗೇ ಬಿಟ್ಟರೆ ಊರಿಗೆ ಏನೂ ಉಳಿಯುವುದಿಲ್ಲ ಎಂದು 1908ರ ಅಕ್ಟೋಬರ್ 20ರಂದು ಅದೇ ವಸತಿಗೃಹದ ಊಟದ ಕೋಣೆಯಲ್ಲಿ ಒಂದು ಸಭೆ ಸೇರಿತು. ಮೊದಲ ಸಮಿತಿಯಲ್ಲಿ ಇದ್ದವರು ಯಾರು ಗೊತ್ತೇ? ಮಿಖೇಲ್ ಆಂಕರ್, ಕ್ರೋಯರ್, ಟುಕ್ಸೆನ್ ಎಂಬ ಮೂವರು ಕಲಾವಿದರು, ವಸತಿಗೃಹದ ಮಾಲೀಕರಾಗಿದ್ದ ಅನ್ನಾ ಅವರ ಸೋದರ ಡೆಗ್ನ್ ಬ್ರೊಂಡುಮ್, ಮತ್ತೆ ಊರಿನ ಔಷಧಿ ಅಂಗಡಿಯವರು. ಮರುವರ್ಷವೇ ಕ್ರೋಯರ್ ತೀರಿಕೊಂಡರು. ಕೆಲಸ ನಿಲ್ಲಲಿಲ್ಲ. ಡೆಗ್ನ್ ಬ್ರೊಂಡುಮ್ ತಮ್ಮ ವಸತಿಗೃಹದ ಹಿತ್ತಲ ತೋಟದ ಜಾಗ ಬಿಟ್ಟುಕೊಟ್ಟರು. ಉಲ್ರಿಕ್ ಪ್ಲೆಸ್ನರ್ ಎಂಬ ವಾಸ್ತುಶಿಲ್ಪಿ ನಕ್ಷೆ ಮಾಡಿದರು. ಸಭೆ ಸೇರಿದ ಇಪ್ಪತ್ತು ವರ್ಷಕ್ಕೆ, 1928ರಲ್ಲಿ, ಸ್ವಂತ ಕಟ್ಟಡ ಬಾಗಿಲು ತೆರೆಯಿತು. ಹೆಲ್ಗಾ ಮದುವೆಯಾಗಲಿಲ್ಲ. ಸಾಯುವ ಮುಂಚೆ ತಂದೆ ತಾಯಿಯ ಮನೆಯನ್ನು, ಒಳಗಿದ್ದ ಸಾಮಾನು ಸಮೇತ, ಊರಿಗೇ ಉಳಿಯುವಂತೆ ಬರೆದಿಟ್ಟರು. 1967ರಿಂದ ಅದನ್ನೂ ಜನ ಹೋಗಿ ನೋಡಬಹುದು.

ಇದಕ್ಕೆಲ್ಲ ಡೆನ್ಮಾರ್ಕಿಗೇ ಹೋಗಬೇಕೆಂದು ಯಾರೂ ತಿಳಿಯಬೇಡಿ. ನಮ್ಮ ಪಕ್ಕದಲ್ಲೇ, ಚೆನ್ನೈಯಿಂದ ದಕ್ಷಿಣಕ್ಕೆ ಕಡಲ ದಾರಿಯಲ್ಲಿ ಚೋಳಮಂಡಲ ಎಂಬ ಕಲಾವಿದರ ಗ್ರಾಮ ಇದೆ. ಮದ್ರಾಸಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ. ಸಿ. ಎಸ್. ಪಣಿಕ್ಕರ್ ಅವರ ಮುಂದಾಳತ್ವದಲ್ಲಿ 1966ರಲ್ಲಿ ಶುರುವಾದದ್ದು. ಚಿತ್ರ ಮಾರಿ ಬದುಕುವುದು ಕಷ್ಟವಿದ್ದ ಕಾಲ. ಅವರು ಬಾಟಿಕ್ ಬಟ್ಟೆ, ಕರಕುಶಲ ವಸ್ತು ಮಾಡಿ ಮಾರಿ, ಬಂದ ದುಡ್ಡು ಸೇರಿಸಿ ಜಾಗ ಕೊಂಡರು, ಮನೆ ಕಟ್ಟಿಕೊಂಡರು. ಆ ಮೊದಲಿಗರಲ್ಲಿ ನಮ್ಮ ಮೈಸೂರಿನಲ್ಲಿ ಹುಟ್ಟಿದ ಎಸ್. ಜಿ. ವಾಸುದೇವ್ ಅವರೂ ಒಬ್ಬರು. 1970ರ ‘ಸಂಸ್ಕಾರ’ ಚಲನಚಿತ್ರಕ್ಕೆ ಕಲಾ ನಿರ್ದೇಶನ ಮಾಡಿದವರು ಅವರೇ. ಅಲ್ಲಿಯೂ ಈಗ ಆ ಕಲಾವಿದರ ಕೃತಿಗಳ ಸಂಗ್ರಹಾಲಯ ಇದೆ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ನೋಡಿಕೊಂಡು ಬರಬಹುದು. ಶಾಲೆಯ ಪ್ರವಾಸಕ್ಕೆ ಒಳ್ಳೆಯ ಜಾಗ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಈ ಶಾಲೆ ಶುರುವಾದದ್ದೂ ಒಂದು ಊಟದ ಕೋಣೆಯ ಸಭೆಯ ಹಾಗೆಯೇ. ಊರಿನವರೊಬ್ಬರು ಹೊಲದ ಮೂಲೆ ಬಿಟ್ಟುಕೊಟ್ಟರು, ಇನ್ನೊಬ್ಬರು ತೊಲೆಗೆ ಮರ ಕೊಟ್ಟರು, ಕೊಡಲು ಏನೂ ಇಲ್ಲದವರು ಬಂದು ಕಲ್ಲು ಹೊತ್ತರು. ಹೀಗೆ ಎದ್ದದ್ದು ಆ ಹೆಂಚಿನ ಎರಡು ಕೊಠಡಿಗಳು. ನನಗಿಂತ ಮೊದಲಿನವರು ಅಲ್ಲೇ ಎಸ್ಸೆಸ್ಸೆಲ್ಸಿ ಬರೆದರು, ನಾವೂ ಅಲ್ಲೇ ಬರೆದೆವು. ಈಗ ಹೊಸ ಆರ್‌ಸಿಸಿ ಕಟ್ಟಡ ಬಂದಿದೆ, ಸಂತೋಷ. ಹೆಂಚಿನ ಕೊಠಡಿಗಳನ್ನು ಕೆಡವಿ ಸೈಕಲ್ ನಿಲ್ದಾಣ ಮಾಡುವ ಮಾತು ನಡೆದಿದೆ ಎಂದು ಕೇಳಿದೆ. ಮಳೆಗೆ ಸೋರುತ್ತವೆ, ಗೆದ್ದಲು ಹತ್ತಿದೆ, ಮಕ್ಕಳನ್ನು ಅಲ್ಲಿ ಕೂರಿಸುವುದು ಅಪಾಯ ಎಂಬುದು ನಿಜ. ಆ ಮಾತನ್ನು ಹಗುರವಾಗಿ ತಳ್ಳಿಹಾಕಲು ನಾನು ಬಂದಿಲ್ಲ. ಒಂದು ಕೊಠಡಿ ಪೂರ್ತಿ ಹೋಗಿದೆ, ಅದನ್ನು ಕೆಡವಲಿ. ಇನ್ನೊಂದರ ಗೋಡೆ ಗಟ್ಟಿ ಇದೆ. ಸಿವಿಲ್ ಎಂಜಿನಿಯರ್ ಆಗಿರುವ ನಮ್ಮ ಬ್ಯಾಚಿನ ಗೆಳೆಯ ನಿನ್ನೆ ಬಂದು ನೋಡಿ, ತೊಲೆ ಬದಲಿಸಿ ಹೆಂಚು ಹೊಸದಾಗಿ ಹೊದಿಸಿದರೆ ಇನ್ನೂ ಬಹಳ ಕಾಲ ನಿಲ್ಲುತ್ತದೆ ಎಂದಿದ್ದಾನೆ.

ಶಾಲಾಭಿವೃದ್ಧಿ ಸಮಿತಿಯ ಹಿರಿಯರಲ್ಲಿ ಕೈಮುಗಿದು ನನ್ನ ಕೋರಿಕೆ ಇಷ್ಟೇ. ಆ ಒಂದು ಕೊಠಡಿ ಉಳಿಸಿಕೊಡಿ. ದುರಸ್ತಿಯ ಖರ್ಚು ನಮ್ಮ ಬ್ಯಾಚಿನವರು ಹೊರುತ್ತೇವೆ, ಇದನ್ನು ಎಲ್ಲರೂ ಕೂತು ಮಾತಾಡಿಕೊಂಡೇ ಹೇಳುತ್ತಿದ್ದೇನೆ. ಅದರೊಳಗೆ ಐವತ್ತು ವರ್ಷದ ಗ್ರೂಪ್ ಫೋಟೊಗಳನ್ನು ಹಾಕೋಣ, ಒಂದೊಂದು ಮುಖದ ಕೆಳಗೂ ಹೆಸರು ಬರೆದು. ಹೆಸರು ಹೇಳಬಲ್ಲ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ, ಹತ್ತು ವರ್ಷ ಕಳೆದರೆ ಕೇಳಲು ಯಾರೂ ಇರುವುದಿಲ್ಲ. ಕಲ್ಲು ಹೊತ್ತವರ ಹೆಸರನ್ನೂ ಬರೆಯೋಣ, ದಾನಿಗಳ ಫಲಕದಲ್ಲಿ ಅವರು ಇಲ್ಲ. ಹಳೆಯ ಗಂಟೆ, ಭೂಪಟ, ಮೊದಲ ಹಾಜರಿ ಪುಸ್ತಕ ಇವು ಗುಜರಿಗೆ ಹೋಗದಿರಲಿ. ಮಿಕ್ಕ ಗೋಡೆಯಲ್ಲಿ ಮಕ್ಕಳ ಚಿತ್ರಗಳು ಇರಲಿ. ಎರಡು ಗುಡ್ಡದ ಸೂರ್ಯ ಬೇಡ. ಕೆರೆ ಏರಿ, ಸಂತೆಮಾಳ, ಹಾಲಿನ ಡೇರಿಯ ಮುಂದಿನ ಸಾಲು, ನಿಮ್ಮಮ್ಮ ರಾಗಿ ಕೇರುವುದು, ನಿಮ್ಮಜ್ಜ ಬೀಡಿ ಸೇದುತ್ತಾ ಜಗಲಿಯಲ್ಲಿ ಕೂತದ್ದು ಇವನ್ನು ಬರೆಯಿರಿ.

ನನ್ನಂಥ ಹೊರಗೆ ಹೋದವರು ವರ್ಷಕ್ಕೊಮ್ಮೆ ಹಬ್ಬಕ್ಕೆ ಬಂದು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಹೋಗುತ್ತೇವೆ. ಸ್ಕಾಗೆನ್ನಿನ ಬೇಸಿಗೆಯ ಕಲಾವಿದರ ಹಾಗೆ ನಾವು. ಬಹುಪಾಲು ಅವರು ಚಳಿ ಬಿದ್ದ ಕೂಡಲೆ ಹೊರಟುಬಿಡುತ್ತಿದ್ದರು. ನಮ್ಮ ಫೋಟೊಗಳಲ್ಲಿ ಊರು ಚೆಂದ ಕಾಣುತ್ತದೆ. ಆದರೆ ಜೂನ್ ತಿಂಗಳಲ್ಲಿ ಮಳೆಗಾಗಿ ಆಕಾಶ ನೋಡುತ್ತಾ ಕೂತ ಊರನ್ನು ಬರೆಯಲು ಇಲ್ಲೇ ಇರುವವರು ಬೇಕು. ನಾವು ಬಣ್ಣ, ಕಾಗದ, ಚಾವಣಿ ಕೊಡಬಹುದು. ಕಣ್ಣು ನಿಮ್ಮದೇ ಆಗಬೇಕು.

ಕೊನೆಯದಾಗಿ ಹೆಣ್ಣುಮಕ್ಕಳ ತಂದೆತಾಯಿಯರಿಗೆ ಒಂದು ಮಾತು. ನನ್ನ ತರಗತಿಯಲ್ಲಿ ನಮ್ಮೆಲ್ಲರಿಗಿಂತ ಚೆನ್ನಾಗಿ ಚಿತ್ರ ಬರೆಯುತ್ತಿದ್ದವಳು ಒಬ್ಬ ಹುಡುಗಿ. ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಯಲ್ಲಿ ಶಾಲೆಗೇ ಮೊದಲು ಬಂದಳು. ಹೈಯರ್ ಗ್ರೇಡ್ ಪರೀಕ್ಷೆಗೆ ಬರಲಿಲ್ಲ, ಅಷ್ಟರಲ್ಲಿ ಮದುವೆ ಆಗಿತ್ತು. ಅವಳ ಹೆಸರು ಹೇಳುವುದಿಲ್ಲ, ಯಾರನ್ನೂ ದೂರುವುದೂ ಇಲ್ಲ. ಆದರೆ 1875ರಲ್ಲಿ ರೈಲೂ ಇಲ್ಲದ ಒಂದು ಬೆಸ್ತರ ಊರಿನಿಂದ ಮಗಳನ್ನು ಚಿತ್ರ ಕಲಿಯಲು ರಾಜಧಾನಿಗೆ ಕಳುಹಿಸಿದ ತಂದೆತಾಯಿ ಇದ್ದರು. ಅದರಿಂದ ಆ ಊರಿಗೆ ಸಿಕ್ಕಿದ್ದು ಏನು ಎಂದು ನಾನು ಕಣ್ಣಾರೆ ನೋಡಿ ಬಂದಿದ್ದೇನೆ. ಚಿತ್ರವೇ ಆಗಬೇಕೆಂದಿಲ್ಲ. ಲೆಕ್ಕ, ಓಟ, ಹಾಡು, ಕಂಪ್ಯೂಟರ್ ಯಾವುದೇ ಇರಲಿ, ನಿಮ್ಮ ಮಗಳ ಕೈ ಯಾವುದರಲ್ಲಿ ಓಡುತ್ತದೆ ನೋಡಿ, ಆ ಪೆಟ್ಟಿಗೆಯನ್ನು 10ನೇ ತರಗತಿಗೇ ಮುಚ್ಚಿಸಬೇಡಿ.

ಮಾತು ಉದ್ದವಾಯಿತು, ಅಡುಗೆಯವರು ಆಗಲೇ ಎರಡು ಸಲ ಇಣುಕಿದರು. ಕೊಠಡಿಯ ವಿಷಯ ಮುಂದಿನ ಸಮಿತಿ ಸಭೆಯಲ್ಲಿ ಇಡುತ್ತೇವೆಂದು ಅಧ್ಯಕ್ಷರು ತಲೆಯಾಡಿಸಿದ್ದಾರೆ, ಅಷ್ಟು ಭರವಸೆ ಸಾಕು. ಈ ಶಾಲೆಗೆ ನೂರು ತುಂಬುವ ಹೊತ್ತಿಗೆ ಇಲ್ಲಿ ಕೂತಿರುವ ಮಕ್ಕಳಲ್ಲಿ ಯಾರಾದರೂ ಬಂದು ಆ ಗೋಡೆಯ ಮೇಲೆ ತಮ್ಮ ಚಿತ್ರವನ್ನು ಮೊಮ್ಮಕ್ಕಳಿಗೆ ತೋರಿಸಲಿ.